ದೊಡ್ಡ ಸಿಸ್ಟರ್ ಅವರ ಕೈಗವಸು

ಬಿಸಿಲು ಚುರುಗುಟ್ಟುವ ದಿನಗಳಲ್ಲಿ ಉಣ್ಣೆಯ ಕೈಗವಸು ಹಾಕಿಕೊಂಡು ಓಡಾಡುವವರನ್ನು ಕಂಡರೆ ಯಾರಿಗಾದರೂ ಅನುಮಾನ ಬರಬೇಕು. ಆದರೆ ದೊಡ್ಡ ಸಿಸ್ಟರ್ ಮೇಲೆ ಅನುಮಾನ ಪಡುವ ಧೈರ್ಯ ಆ ಊರಿನಲ್ಲಿ ಯಾರಿಗೂ ಇರಲಿಲ್ಲ. ಊರಿನ ಅರ್ಧ ಜನ ಅವರ ಕೈಯಲ್ಲಿ ಇಂಜೆಕ್ಷನ್ ಚುಚ್ಚಿಸಿಕೊಂಡವರು, ಉಳಿದರ್ಧ ಜನ ಅವರ ಶಿಷ್ಯೆಯರ ಕೈಯಲ್ಲಿ ಚುಚ್ಚಿಸಿಕೊಂಡವರು. ವಯಸ್ಸಾಯಿತು, ಕೈ ತಣ್ಣಗಾಗುತ್ತದೆ ಎಂದು ಅವರೇ ಹೇಳಿದ ಮೇಲೆ ಮುಗಿಯಿತು, ಅದು ಆಸ್ಪತ್ರೆಯ ಗೋಡೆಯ ಮೇಲೆ ಬರೆದಷ್ಟೇ ಸತ್ಯ.

ಸತ್ಯ ಬೇರೆ ಇತ್ತು. ಒಂದು ಬೆಳಿಗ್ಗೆ ಮುಖ ತೊಳೆದು ಟವೆಲ್ ಹಿಡಿದು ನಿಂತಿದ್ದಾಗ ಅಭ್ಯಾಸಬಲದಿಂದ ಅವರ ಎರಡು ಬೆರಳು ತಮ್ಮದೇ ಮಣಿಕಟ್ಟಿಗೆ ಹೋದವು. ನಾಡಿ ಸರಿಯಾಗಿ ನಡೆಯುತ್ತಿರಲಿಲ್ಲ. ಒಂದು ಬಡಿತ ಬೇಗ, ಒಂದು ತಡ, ಮತ್ತೊಂದಕ್ಕೆ ರಜೆ. ದೊಡ್ಡ ಸಿಸ್ಟರ್ ಟವೆಲ್ ಕೊಡವಿ, ಇದು ನಿನ್ನೆ ಕುಡಿದ ಹೆಚ್ಚಿನ ಕಾಫಿಯ ಕೆಲಸ ಎಂದುಕೊಂಡರು. ಮರುದಿನ ಕಾಫಿ ಬಿಟ್ಟರು. ನಾಡಿಗೆ ಅದು ಗೊತ್ತೇ ಆಗಲಿಲ್ಲ. ಬೇರೆ ಯಾರಾದರೂ ಹೀಗೆ ಮಾಡಿದ್ದರೆ, ಡಾಕ್ಟರ ಬಳಿ ಹೋಗದೆ ಕಾಫಿಯ ಮೇಲೆ ತಪ್ಪು ಹೊರಿಸುತ್ತೀಯಾ ಎಂದು ಅವರೇ ಕಿವಿ ಹಿಂಡುತ್ತಿದ್ದರು. ತಮ್ಮ ಕಿವಿಯನ್ನು ತಾವೇ ಹಿಂಡಿಕೊಳ್ಳುವುದು ಯಾರಿಗೂ ಸುಲಭವಲ್ಲ.

ಅವರು ಹೆದರಿದ್ದು ಹೃದಯಕ್ಕಲ್ಲ, ಸೊಸೆಗೆ. ಸೊಸೆ ಎಂದರೆ ತಮ್ಮನ ಮಗಳು, ತಾತನ ಕಾಲದ ಬೇಕರಿಯನ್ನು ಈಗ ನಡೆಸುತ್ತಿರುವವಳು. ಮದುವೆಯಾಗದ ಅತ್ತೆಯೂ ಗಂಡನನ್ನು ಕಳೆದುಕೊಂಡ ಸೊಸೆಯೂ ಬೇಕರಿಯ ಮೇಲಿನ ಮನೆಯಲ್ಲಿ ಒಟ್ಟಿಗೆ ಇದ್ದರು. ಹೋದ ಚಳಿಗಾಲದಲ್ಲಿ ದೊಡ್ಡ ಸಿಸ್ಟರ್‌ಗೆ ಎದೆಯಲ್ಲಿ ಕಫ ಕಟ್ಟಿ ಉಸಿರಾಟವೇ ಕಷ್ಟವಾಗಿತ್ತು. ಆಗ ಸೊಸೆ ಒಂದು ಕರಾರು ಹಾಕಿದ್ದಳು. ಇನ್ನೊಂದು ಸಲ ಆರೋಗ್ಯ ಕೆಟ್ಟರೆ ಸೋಮವಾರದ ಕ್ಲಾಸಿಗೆ ಮಂಗಳ ಹಾಡಬೇಕು. ಅವಳು ಮೃದು ಮಾತಿನ ಹೆಂಗಸು, ಆದರೆ ಒಮ್ಮೆ ಹೇಳಿದರೆ ಒಲೆಯೊಳಗೆ ಹೋದ ಬ್ರೆಡ್ಡಿನ ಹಾಗೆ, ಮತ್ತೆ ಹಿಟ್ಟಾಗುವ ಮಾತೇ ಇಲ್ಲ.

ಸೋಮವಾರದ ಕ್ಲಾಸು ದೊಡ್ಡ ಸಿಸ್ಟರ್ ಪಾಲಿಗೆ ವಾರದ ಏಳು ದಿನಗಳನ್ನು ಹಿಡಿದಿಟ್ಟ ಹೊಲಿಗೆ. ನಿವೃತ್ತಿಯಾಗಿ ಎಷ್ಟೋ ವರ್ಷ ಕಳೆದಿದ್ದರೂ ನರ್ಸಿಂಗ್ ಶಾಲೆಗೆ ಹೊಸದಾಗಿ ಸೇರಿದ ಹುಡುಗಿಯರಿಗೆ ನಾಡಿ ನೋಡುವುದನ್ನು ಕಲಿಸುವವರು ಅವರೇ. ಶಾಲೆಯವರು ಇದನ್ನು ಪಾಠಪಟ್ಟಿಯಿಂದ ತೆಗೆದು ಯಂತ್ರಕ್ಕೆ ವಹಿಸಲು ಒಂದೆರಡು ಬಾರಿ ನೋಡಿದ್ದರು. ಯಂತ್ರ ಸಂಖ್ಯೆ ಹೇಳುತ್ತದೆ, ಕೈ ಹಿಡಿಯುವುದಿಲ್ಲ ಎಂದು ದೊಡ್ಡ ಸಿಸ್ಟರ್ ಹೇಳಿದ ಮೇಲೆ ಆ ವಿಷಯ ಮತ್ತೆ ಯಾರೂ ಎತ್ತಲಿಲ್ಲ. ಆ ಕ್ಲಾಸು ನಿಂತರೆ ತಾನು ಬೆಳಿಗ್ಗೆ ಯಾಕೆ ಎದ್ದು ಕೂದಲು ಬಾಚಿಕೊಳ್ಳಬೇಕು ಎನ್ನುವುದು ಅವರಿಗೆ ಗೊತ್ತಿರಲಿಲ್ಲ. ಇಷ್ಟೇ ವಿಷಯ. ಇದಕ್ಕಾಗಿ ಕೈಗವಸು.

ಅವರು ಹುಟ್ಟಿದ್ದು ಈಗಿರುವ ಇದೇ ಬೇಕರಿಯ ಮನೆಯಲ್ಲಿ. ಹುಡುಗಿಯಾಗಿದ್ದಾಗ ದಿನಾ ಬೆಳಿಗ್ಗೆ ಆಸ್ಪತ್ರೆಗೆ ಬ್ರೆಡ್ಡಿನ ಬುಟ್ಟಿ ಹೊತ್ತುಕೊಂಡು ಹೋಗುವುದು ಅವರ ಕೆಲಸ. ಆಗಿನ ಆಸ್ಪತ್ರೆ ಎಂದರೆ ಮಂಚಕ್ಕೆ ಮಂಚ ತಾಗಿಸಿ ಹಾಕಿದ ಒಂದು ಉದ್ದನೆಯ ಕೋಣೆ. ರೋಗಿಗಳನ್ನು ನೋಡಿಕೊಳ್ಳುವವರು ಬೇರೆಲ್ಲೂ ಕೆಲಸ ಸಿಗದೆ ಬಂದವರು, ಅವರಿಗೂ ಬೇಸರ, ರೋಗಿಗಳಿಗೂ ಬೇಸರ. ಬುಟ್ಟಿ ಇಟ್ಟು ಬರಬೇಕಾದ ಹುಡುಗಿ ಒಂದು ದಿನ ಯಾರೋ ನೀರು ಕೇಳಿದರೆಂದು ನೀರು ಕೊಟ್ಟಳು. ಮರುದಿನ ಇನ್ನೊಬ್ಬರ ದಿಂಬು ತಿರುಗಿಸಿದಳು. ಮೂರನೆಯ ವಾರಕ್ಕೆ ಬೆಳಿಗ್ಗೆ ಹೋದವಳು ಮಧ್ಯಾಹ್ನ ದಾಟಿದರೂ ಮನೆ ಸೇರುತ್ತಿರಲಿಲ್ಲ.

ಅಪ್ಪನಿಗೆ ಸಿಟ್ಟು ನೆತ್ತಿಗೇರಿತು. ರೋಗ ಮುಟ್ಟಿದ ಕೈ ಹಿಟ್ಟು ಮುಟ್ಟಬಾರದು, ಎರಡರಲ್ಲಿ ಒಂದು ಆರಿಸಿಕೋ ಎಂದ. ಮಗಳು ಆರಿಸಿಕೊಂಡಳು. ದೂರದ ಪಟ್ಟಣಕ್ಕೆ ಹೋಗಿ ಕಲಿತು, ಎದೆಯ ಮೇಲೆ ಪಿನ್ನಿನಲ್ಲಿ ತೂಗುವ ಗಡಿಯಾರ ಸಿಕ್ಕಿಸಿಕೊಂಡು ಬಂದು ಅದೇ ಉದ್ದನೆಯ ಕೋಣೆಗೆ ನರ್ಸ್ ಆಗಿ ಸೇರಿದಳು. ಅಪ್ಪ ಮಾತು ಬಿಟ್ಟ. ಬ್ರೆಡ್ಡನ್ನು ತಮ್ಮ ತಂದುಕೊಡುತ್ತಿದ್ದ. ಅವಳು ಬಾಗಿಲಲ್ಲೇ ಬುಟ್ಟಿ ಇಸಿದುಕೊಂಡು, ಅಪ್ಪ ಹೇಗಿದ್ದಾರೆ ಎಂದು ಕೇಳುತ್ತಿದ್ದಳು. ಅಪ್ಪನೂ ಮನೆಯಲ್ಲಿ ತಮ್ಮನನ್ನು ಅದೇ ಕೇಳುತ್ತಿದ್ದನಂತೆ.

ಮುಂದೆ ಒಂದು ಮಳೆಗಾಲ ಊರಿಗೆಲ್ಲ ಜ್ವರ ಬಂದಿತು, ಅಪ್ಪನಿಗೂ ಬಂದಿತು. ಮಗಳ ವಾರ್ಡಿನಲ್ಲೇ ಮಲಗಬೇಕಾಯಿತು. ಮಗಳು ಆ ಹೊತ್ತಿಗೆ ಮಂಚಗಳ ನಡುವೆ ಜಾಗ ಬಿಡಿಸಿದ್ದಳು, ಪರದೆ ಕಟ್ಟಿಸಿದ್ದಳು, ಬಾಗಿಲಲ್ಲಿ ನಲ್ಲಿ ಹಾಕಿಸಿ ಸೋಪು ಇಡಿಸಿದ್ದಳು. ಕೈ ತೊಳೆಯದೆ ಒಳಗೆ ಬಂದರೆ ಸಾಕ್ಷಾತ್ ದೊಡ್ಡ ಡಾಕ್ಟರಿಗೂ ಬಿಡುಗಡೆಯಿಲ್ಲ. ಅಪ್ಪ ಎರಡು ವಾರ ಮಲಗಿದಲ್ಲಿಂದ ಇದನ್ನೆಲ್ಲ ನೋಡಿದ. ವಾಸಿಯಾಗಿ ಮನೆಗೆ ಹೋದವನು ಮೊದಲು ಮಾಡಿದ ಕೆಲಸವೆಂದರೆ ಬೇಕರಿಯ ಬಾಗಿಲಲ್ಲಿ ನಲ್ಲಿ ಹಾಕಿಸಿದ್ದು. ಎರಡನೆಯ ಕೆಲಸ, ಬುಟ್ಟಿಯನ್ನು ತಾನೇ ಹೊತ್ತುಕೊಂಡು ಆಸ್ಪತ್ರೆಗೆ ಬಂದಿದ್ದು. ಬ್ರೆಡ್ ಬಿಸಿ ಇದೆ, ತಿಂದು ಕೆಲಸ ಮಾಡು ಎಂದಷ್ಟೇ ಹೇಳಿದನಂತೆ. ದೊಡ್ಡ ಸಿಸ್ಟರ್ ಈ ಕಥೆಯನ್ನು ಹೇಳುವಾಗಲೆಲ್ಲ ಇಲ್ಲಿಗೆ ಬಂದ ಕೂಡಲೇ ಕನ್ನಡಕ ಒರೆಸಿಕೊಳ್ಳುತ್ತಿದ್ದರು.

ನರ್ಸಿಂಗ್ ಶಾಲೆ ಹುಟ್ಟಿದ್ದು ಆಸ್ಪತ್ರೆಯ ಹಿಂದಿನ ಸಾಮಾನು ಕೋಣೆಯಲ್ಲಿ, ಬೆರಳೆಣಿಕೆಯ ಹುಡುಗಿಯರ ಜೊತೆ. ರೋಗಿಯನ್ನು ಮಗ್ಗುಲು ತಿರುಗಿಸುವುದನ್ನು ಕಲಿಸಲು ರೋಗಿ ಬೇಕಲ್ಲ? ಅಪ್ಪ ಒಂದು ಮೂಟೆ ಹಿಟ್ಟು ಕಳಿಸಿದ. ಅದಕ್ಕೆ ಅಂಗಿ ತೊಡಿಸಿ, ಟೋಪಿ ಇಟ್ಟು, ಮಂಚದ ಮೇಲೆ ಮಲಗಿಸಿದರು. ಹುಡುಗಿಯರು ಅದನ್ನು ಹಿಟ್ಟಿನ ಮಾವ ಎಂದು ಕರೆದರು. ಹಿಟ್ಟಿನ ಮಾವ ಎಷ್ಟೋ ಸಲ ಮಂಚದಿಂದ ಬಿದ್ದು ಹೊಟ್ಟೆ ಒಡೆದುಕೊಂಡ, ಎಷ್ಟೋ ಸಲ ಹೊಲಿಗೆ ಹಾಕಿಸಿಕೊಂಡ. ಹೊಲಿಗೆ ಹಾಕುವುದನ್ನೂ ಹುಡುಗಿಯರು ಅವನ ಮೇಲೆಯೇ ಕಲಿತರು.

ಆ ಶಾಲೆಯ ಮೂರು ಪಾಠ ಊರಿಗೆಲ್ಲ ಬಾಯಿಪಾಠ. ಮೊದಲನೆಯದು ನಾಡಿಯದು. ನಾಡಿ ನೋಡ್ತೀನಿ ಎಂದು ಹೇಳಿ ಕೈ ಹಿಡಿದರೆ ರೋಗಿಯ ಎದೆ ಡವಗುಟ್ಟಿ ಲೆಕ್ಕ ತಪ್ಪುತ್ತದೆ. ಆದ್ದರಿಂದ ಸುಮ್ಮನೆ ಕೈ ಹಿಡಿದುಕೊಂಡು ಮಕ್ಕಳ ವಿಷಯವೋ ಮಳೆಯ ವಿಷಯವೋ ಮಾತಾಡುತ್ತಿರಬೇಕು, ಬೆರಳು ತನ್ನ ಪಾಡಿಗೆ ತನ್ನ ಕೆಲಸ ಮಾಡಬೇಕು. ಎರಡನೆಯದು ಮುಖದ್ದು. ಬೆರಳಿಗೆ ಏನೇ ಗೊತ್ತಾದರೂ ಅದು ರೋಗಿಯ ಎದುರು ಮುಖದ ಮೇಲೆ ಬರಕೂಡದು. ಮೂರನೆಯದು ಬಾಯಿಯದು. ಅವಳು ಹೇಳಿರುತ್ತಾಳೆ ಎಂದು ಇವಳು, ಇವಳು ಹೇಳಿರುತ್ತಾಳೆ ಎಂದು ಅವಳು ಸುಮ್ಮನಾಗಿ ಕೆಟ್ಟ ಕೆಲಸಗಳು ಆಗಿನ ಆಸ್ಪತ್ರೆಯಲ್ಲಿ ಬೇಕಾದಷ್ಟಿದ್ದವು. ಅದಕ್ಕೇ ದೊಡ್ಡ ಸಿಸ್ಟರ್ ಕಟ್ಟುನಿಟ್ಟು ಮಾಡಿದ್ದರು. ನಿನಗೆ ಗೊತ್ತಾಗಿದ್ದನ್ನು ನೀನೇ ಹೇಳು, ಹತ್ತು ಜನ ಹೇಳಿದ್ದರೂ ನೀನು ಹನ್ನೊಂದನೆಯವಳಾಗಿ ಹೇಳು.

ಹೀಗೆ ತಯಾರಾದವರಿಗೆ ಅಭ್ಯಾಸ ಆಸ್ಪತ್ರೆಯ ಗೇಟಿನಲ್ಲಿ ನಿಲ್ಲುವುದಿಲ್ಲ. ಅವರು ಯಾರ ಕೈ ಹಿಡಿದರೂ ಎರಡು ಬೆರಳು ಜಾರಿ ಮಣಿಕಟ್ಟಿಗೆ ಹೋಗಿಬಿಡುತ್ತವೆ, ಅತ್ತೆಯದಾಗಲಿ, ತರಕಾರಿಯವನದಾಗಲಿ. ಊರಿನ ಅಂಚೆಯವನೊಬ್ಬ ತನ್ನ ಹೆಂಡತಿ ಇಷ್ಟು ವರ್ಷವಾದರೂ ದಾರಿಯಲ್ಲಿ ಕೈ ಹಿಡಿದುಕೊಂಡೇ ನಡೆಯುತ್ತಾಳೆ ಎಂದು ಗೆಳೆಯರೆದುರು ಬೀಗುತ್ತಿದ್ದ. ಅವಳೂ ದೊಡ್ಡ ಸಿಸ್ಟರ್ ಶಿಷ್ಯೆ ಎಂದು ಯಾರೋ ನೆನಪಿಸಿದ ಮೇಲೆ ಪೆಚ್ಚಾದ. ಆದರೆ ಕೈ ಬಿಡಿಸಿಕೊಳ್ಳಲಿಲ್ಲ.

ಈಗ ಅರ್ಥವಾಯಿತಲ್ಲ ದೊಡ್ಡ ಸಿಸ್ಟರ್ ಸಂಕಟ? ಊರು ತುಂಬ ತಾವೇ ಹರಡಿದ ಬೆರಳುಗಳು. ಸಂತೆಗೆ ಹೋದರೆ ನಾಲ್ಕು ಜನ ಕೈ ಹಿಡಿಯಲು ಬರುತ್ತಾರೆ, ಬಸ್ಸು ಹತ್ತಿದರೆ ಇಬ್ಬರು. ಆ ಕೆಲವು ತಿಂಗಳು ಅವರು ಕೈಗವಸು ತೊಟ್ಟರು, ಉದ್ದ ತೋಳಿನ ಸ್ವೆಟರ್ ತೊಟ್ಟರು, ಎರಡೂ ಕೈಯಲ್ಲಿ ಚೀಲ ಹಿಡಿದು ನಡೆದರು. ಸೋಮವಾರದ ಕ್ಲಾಸಿನಲ್ಲಿ ಮೊದಲೆಲ್ಲ ತಮ್ಮ ಕೈಯನ್ನೇ ಹುಡುಗಿಯರಿಗೆ ಕೊಡುತ್ತಿದ್ದವರು ಈಗ ಒಬ್ಬರದೊಬ್ಬರು ನೋಡಿಕೊಳ್ಳಿ ಎಂದರು. ಮನೆಯಲ್ಲಿ ಸಂಜೆ ಸೊಸೆಯ ಪಕ್ಕ ಕೂತಾಗಲೂ ಕೈಯನ್ನು ಶಾಲಿನೊಳಗೆ ಸೇರಿಸಿಕೊಂಡರು. ಸೊಸೆಗೆ ನಾಡಿಯ ಗಂಧಗಾಳಿ ಗೊತ್ತಿರಲಿಲ್ಲ, ಆದರೂ ಕಳ್ಳನಿಗೆ ಎಲ್ಲರೂ ಪೊಲೀಸರ ಹಾಗೇ ಕಾಣುತ್ತಾರೆ.

ಗುಟ್ಟು ಇನ್ನೂ ಎಷ್ಟು ದಿನ ನಡೆಯುತ್ತಿತ್ತೋ, ಅಷ್ಟರಲ್ಲಿ ಶಾಲೆಯ ವಾರ್ಷಿಕೋತ್ಸವ ಬಂತು. ಶಾಲೆಗೆ ಹೊಸ ಕಟ್ಟಡವಾಗಿತ್ತು, ಹಳೆಯ ಶಿಷ್ಯೆಯರೆಲ್ಲ ಬರುವವರಿದ್ದರು. ಇದನ್ನೆಲ್ಲ ಏರ್ಪಾಡು ಮಾಡಿದವಳು ಶಾಲೆಯ ಈಗಿನ ಪ್ರಿನ್ಸಿಪಾಲ್, ಅವಳೂ ದೊಡ್ಡ ಸಿಸ್ಟರ್ ಶಿಷ್ಯೆಯೇ. ಓದುವ ಕಾಲದಲ್ಲಿ ಅವಳ ಕೈಯಿಂದ ಟ್ರೇ ಬೀಳದ ದಿನವೇ ಇರಲಿಲ್ಲ, ಹಿಟ್ಟಿನ ಮಾವನನ್ನು ಅತಿ ಹೆಚ್ಚು ಸಲ ಕೆಡವಿದವಳೂ ಅವಳೇ. ದೊಡ್ಡ ಸಿಸ್ಟರ್ ಆಗ ಇಟ್ಟ ಗಡಿಬಿಡಿ ಎಂಬ ಹೆಸರು ಈಗಲೂ ಅಂಟಿಕೊಂಡಿತ್ತು. ಗಡಿಬಿಡಿ ಖುದ್ದಾಗಿ ಮನೆಗೆ ಬಂದು ಕರೆದಾಗ ದೊಡ್ಡ ಸಿಸ್ಟರ್ ತಲೆನೋವು, ಮಂಡಿನೋವು, ಬೆನ್ನುನೋವು ಮೂರನ್ನೂ ಒಂದೇ ಉಸಿರಿನಲ್ಲಿ ಹೇಳಿದರು. ಹಾಗಾದರೆ ಡಾಕ್ಟರನ್ನು ಕರೆಸೋಣ ಎಂದು ಸೊಸೆ ಎದ್ದಳು. ಮೂರೂ ನೋವು ಒಟ್ಟಿಗೆ ಮಾಯವಾದವು.

ಸಮಾರಂಭದ ದಿನ ದೊಡ್ಡ ಸಿಸ್ಟರ್ ಒಂದು ಉಪಾಯ ಮಾಡಿಕೊಂಡೇ ಹೋದರು. ಕೈಗವಸಿನ ಜೊತೆಗೆ ದೊಡ್ಡದೊಂದು ಹೂಗುಚ್ಛವನ್ನು ಎರಡೂ ಕೈಯಲ್ಲಿ ಅವುಚಿಕೊಂಡು ವೇದಿಕೆಯ ಕುರ್ಚಿಯಲ್ಲಿ ಕೂತರು. ಯಾರು ಬಂದರೂ ಹೂವಿನ ಮೇಲಿಂದ ನಕ್ಕರೆ ಆಯಿತು. ಅರ್ಧ ಗಂಟೆ ಎಲ್ಲ ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ನಡೆಯಿತು. ಆಮೇಲೆ ಸೊಸೆ ತಾನೇ ಮಾಡಿದ ಕೇಕು ಹಿಡಿದು ವೇದಿಕೆ ಹತ್ತಿದಳು. ಹೂಗುಚ್ಛ ಇಸಿದುಕೊಂಡು ಪಕ್ಕಕ್ಕಿಟ್ಟಳು. ಉಣ್ಣೆ ಕೈಯಲ್ಲಿ ಕೇಕು ಕತ್ತರಿಸುವುದೆಲ್ಲಾದರೂ ಉಂಟೇ, ಸೋಪಿನ ಪಾಠ ಹೇಳಿದವರು ನೀವೇ ಅಲ್ಲವೇ ಎಂದು ನಗುತ್ತಾ ಎರಡೂ ಕೈಗವಸು ಎಳೆದು ತನ್ನ ಚೀಲಕ್ಕೆ ಹಾಕಿಕೊಂಡಳು. ಸಭೆ ಚಪ್ಪಾಳೆ ತಟ್ಟಿತು. ದೊಡ್ಡ ಸಿಸ್ಟರ್ ಎದೆ ಧಸಕ್ಕೆಂದಿತು, ಮೊದಲೇ ದಾರಿ ತಪ್ಪಿದ್ದ ನಾಡಿ ಇನ್ನಷ್ಟು ದಾರಿ ತಪ್ಪಿತು.

ಕೇಕು ಮುಗಿಯುವ ಮೊದಲೇ ಹಳೆಯ ಶಿಷ್ಯೆಯರ ಸಾಲು ಬಂತು. ಸಾಲಿನ ಮುಂದೆ ಮೊದಲ ತಂಡದ ಶಿಷ್ಯೆ, ಈಗ ಆಕೆಯೂ ಬೆಳ್ಳಿಗೂದಲಿನ ಅಜ್ಜಿ. ಬಂದವಳೇ ದೊಡ್ಡ ಸಿಸ್ಟರ್ ಬಲಗೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡು, ನೀವು ಸ್ವಲ್ಪವೂ ಬದಲಾಗಿಲ್ಲ ಎಂದಳು. ಎರಡು ಬೆರಳು ಜಾರಿದವು. ಮಾತು ನಿಂತಿತು. ನಗು ಮಾತ್ರ ಮುಖದ ಮೇಲೆ ಹಾಗೇ ಇತ್ತು, ಯಾಕೆಂದರೆ ಅವಳು ಎರಡನೆಯ ಪಾಠ ಚೆನ್ನಾಗಿ ಕಲಿತವಳು. ಆಮೇಲೆ ಕೇಕು ಬಹಳ ಚೆನ್ನಾಗಿದೆ ಎಂದು ಹೇಳಿ, ಮೆಟ್ಟಿಲು ಇಳಿದು, ಮಂಡಿನೋವಿನ ಅಜ್ಜಿ ಓಡಬಹುದಾದಷ್ಟು ವೇಗದಲ್ಲಿ ಬಾಗಿಲ ಕಡೆ ಹೋದಳು. ಆಕೆ ಕೇಕು ತಿಂದೇ ಇರಲಿಲ್ಲ.

ಎರಡನೆಯವಳು ಬಂದಳು. ಕೈ ಹಿಡಿದಳು, ಮಳೆಯ ಬಗ್ಗೆ ಮಾತಾಡಿದಳು, ನಕ್ಕಳು, ಇಳಿದಳು, ಬಾಗಿಲಿಗೆ ಓಡಿದಳು. ಮೂರನೆಯವಳೂ ಅಷ್ಟೇ, ಅಂಚೆಯವನ ಹೆಂಡತಿಯೂ ಅಷ್ಟೇ. ದೊಡ್ಡ ಸಿಸ್ಟರ್ ಕೂತಲ್ಲೇ ಬೆವರಿದರು. ಒಬ್ಬೊಬ್ಬಳ ಬೆರಳು ಎಷ್ಟು ಹಗುರವಾಗಿ, ಎಷ್ಟು ಸರಿಯಾದ ಜಾಗಕ್ಕೆ ಬಂದು ಕೂರುತ್ತಿತ್ತು ಎಂದರೆ ಗುರುವಾಗಿ ಅವರಿಗೆ ಹೆಮ್ಮೆ ಉಕ್ಕಿ ಬರುತ್ತಿತ್ತು, ಕಳ್ಳಿಯಾಗಿ ಭೂಮಿಯೊಳಗೆ ಇಳಿದುಹೋಗೋಣ ಎನ್ನಿಸುತ್ತಿತ್ತು. ಎರಡೂ ಒಟ್ಟಿಗೆ ಆಗುವುದು ಅವರಿಗೂ ಹೊಸದು.

ಅತ್ತ ಪುರಸಭೆಯ ಅಧ್ಯಕ್ಷರು ಭಾಷಣಕ್ಕೆ ಎದ್ದು ನಿಂತು, ಸೇವೆ ಎಂದರೆ ಏನು ಎಂದು ಸಭೆಯನ್ನು ಕೇಳಿ, ತಾವೇ ಉತ್ತರ ಹೇಳಲು ಬಾಯಿ ತೆರೆದರು. ಆಗ ಹೊರಗೆ ಸೈರನ್ ಕೇಳಿಸಿತು. ಒಂದು ಆಂಬ್ಯುಲೆನ್ಸ್ ಬಂದು ನಿಂತಿತು. ಅಧ್ಯಕ್ಷರು ಮತ್ತೆ ಬಾಯಿ ತೆರೆದರು, ಎರಡನೆಯದು ಬಂತು. ಮೂರನೆಯದು ಬಂದಾಗ ಅವರು ಇದು ತಮ್ಮ ಸ್ವಾಗತಕ್ಕೆ ಮಾಡಿದ ಹೊಸ ಏರ್ಪಾಡು ಇರಬೇಕೆಂದು ಕಿಟಕಿಯ ಕಡೆ ಕೈ ಬೀಸಿದರು. ಆಸ್ಪತ್ರೆ ಇದ್ದದ್ದು ಅಂಗಳದ ಆಚೆ, ಕೂಗಿದರೆ ಕೇಳುವಷ್ಟು ಹತ್ತಿರ. ಆದರೂ ಅವಳು ಹೇಳಿರುತ್ತಾಳೆ ಎಂದು ಒಬ್ಬಳಾದರೂ ಸುಮ್ಮನಿರಬೇಕಲ್ಲ? ಒಬ್ಬಳು ಆಂಬ್ಯುಲೆನ್ಸಿಗೆ ಹೇಳಿದ್ದಳು, ಇನ್ನೊಬ್ಬಳು ಪಕ್ಕದ ಊರಿನ ಆಂಬ್ಯುಲೆನ್ಸಿಗೆ ಹೇಳಿದ್ದಳು, ಮತ್ತೊಬ್ಬಳು ಅದರಾಚೆಯ ಊರಿನದಕ್ಕೆ. ಇಬ್ಬರು ಸ್ಟ್ರೆಚರ್ ಹಿಡಿದು ಒಂದು ಬಾಗಿಲಿನಿಂದ ಬಂದರೆ, ಇನ್ನಿಬ್ಬರು ಗಾಲಿಕುರ್ಚಿ ತಳ್ಳಿಕೊಂಡು ಇನ್ನೊಂದು ಬಾಗಿಲಿನಿಂದ ಬಂದರು. ಹೃದಯದ ಡಾಕ್ಟರು ಊಟಕ್ಕೆ ಕೂತಿದ್ದವರು ಕೊರಳಲ್ಲಿ ಕಟ್ಟಿದ ಕರವಸ್ತ್ರದ ಸಮೇತ ಓಡಿಬಂದರು. ಒಬ್ಬರಾದ ಮೇಲೆ ಒಬ್ಬರು ಕರೆ ಮಾಡಿ ಅವರ ಫೋನು ಕಾದ ಕಾವಲಿಯಾಗಿತ್ತಂತೆ.

ಗಡಿಬಿಡಿ ವೇದಿಕೆಗೆ ನುಗ್ಗಿದಳು. ದೊಡ್ಡ ಸಿಸ್ಟರ್ ಕೈ ಹಿಡಿದಳು. ಮಳೆಯ ಮಾತಿಲ್ಲ, ಮಕ್ಕಳ ಮಾತಿಲ್ಲ, ನಗುವೂ ಇಲ್ಲ. ಗಡಿಯಾರ ನೋಡುತ್ತಾ ನಿಂತಳು.

"ಎಷ್ಟು ದಿನದಿಂದ ಹೀಗಿದೆ?" ಎಂದು ಕೇಳಿದಳು.

"ಕಾಫಿ ಸ್ವಲ್ಪ ಜಾಸ್ತಿಯಾಯ್ತು ನೋಡು" ಎಂದರು ದೊಡ್ಡ ಸಿಸ್ಟರ್.

ಗಡಿಬಿಡಿ ಒಂದು ಹುಬ್ಬು ಏರಿಸಿದಳು. ಆ ಹುಬ್ಬು ಏರಿಸುವುದನ್ನೂ ಅವಳು ಅವರಿಂದಲೇ ಕಲಿತಿದ್ದಳು. ದೊಡ್ಡ ಸಿಸ್ಟರ್ ತೆಪ್ಪಗೆ ಗಾಲಿಕುರ್ಚಿಯಲ್ಲಿ ಕೂತರು. ಯಾವ ಆಂಬ್ಯುಲೆನ್ಸ್ ಹತ್ತಿಸಬೇಕೆಂದು ಚಾಲಕರಲ್ಲಿ ಸಣ್ಣ ಜಗಳ ಶುರುವಾಗುವ ಹಾಗಿತ್ತು, ಆದರೆ ಗಡಿಬಿಡಿ ಅಂಗಳ ದಾಟಿಸಿಕೊಂಡು ಕುರ್ಚಿಯನ್ನು ತಾನೇ ತಳ್ಳಿದಳು. ಹಿಂದೆ ಇಡೀ ಸಭೆ ಹೊರಟಿತು. ಅಧ್ಯಕ್ಷರು ಸೇವೆಯ ಅರ್ಥವನ್ನು ಕುರ್ಚಿಗಳಿಗೆ ಹೇಳಬೇಕಾಯಿತು.

ಎದೆಗೆ ತಂತಿಗಳನ್ನು ಅಂಟಿಸಿ, ಕಾಗದದ ಮೇಲೆ ಗೆರೆ ಮೂಡಿಸಿ ಡಾಕ್ಟರು ನೋಡಿದರು. ಹೃದಯದ ಮೇಲಿನ ಎರಡು ಕೋಣೆಗಳು ತಾಳ ಬಿಟ್ಟು ತಮ್ಮಿಷ್ಟದಂತೆ ಕುಣಿಯುತ್ತಿವೆ, ವಯಸ್ಸಾದವರಲ್ಲಿ ಇದು ಹೊಸದೇನಲ್ಲ ಎಂದರು. ಮಾತ್ರೆಯಲ್ಲಿ ಹತೋಟಿಗೆ ಬರುತ್ತದೆ. ಹೀಗೇ ಬಿಟ್ಟಿದ್ದರೆ ರಕ್ತ ಹೆಪ್ಪುಗಟ್ಟಿ ಒಂದು ದಿನ ಮೆದುಳಿಗೆ ಹೋಗಿಬಿಡುತ್ತಿತ್ತು, ಸರಿಯಾದ ಹೊತ್ತಿಗೆ ಸಿಕ್ಕಿತು ಎಂದು ಹೇಳಿ, ಕೊರಳಿನ ಕರವಸ್ತ್ರ ಬಿಚ್ಚಿ ಜೇಬಿಗೆ ಹಾಕಿಕೊಂಡು ಹೊರಗೆ ಹೋದರು. ಬಾಗಿಲಾಚೆ ಕಾದಿದ್ದ ಶಿಷ್ಯೆಯರು ಅದನ್ನು ಕೇಳಿ ಸಂತೋಷದಿಂದ ಮಾಡಿದ ಗದ್ದಲಕ್ಕೆ ವಾರ್ಡಿನ ಸಿಸ್ಟರ್ ಬಂದು, ಇದು ಆಸ್ಪತ್ರೆ ಎಂದು ಗದರಿಸಬೇಕಾಯಿತು.

ಕೋಣೆಯಲ್ಲಿ ಮೂವರು ಉಳಿದರು. ದೊಡ್ಡ ಸಿಸ್ಟರ್ ಮಂಚದ ಮೇಲೆ, ಗಡಿಬಿಡಿ ಕಿಟಕಿಯ ಹತ್ತಿರ, ಸೊಸೆ ಬಾಗಿಲಿಗೆ ಒರಗಿ. ಸೊಸೆ ಬೈಯುತ್ತಾಳೆ ಎಂದು ದೊಡ್ಡ ಸಿಸ್ಟರ್ ತಯಾರಾಗಿದ್ದರು. ಬೈದರೆ ತಿರುಗಿ ಏನು ಹೇಳಬೇಕೆಂದೂ ಯೋಚಿಸಿಟ್ಟುಕೊಂಡಿದ್ದರು. ಸೊಸೆ ಬೈಯಲಿಲ್ಲ.

"ಅತ್ತೆ, ನೀವು ನನ್ನ ಕೈ ಹಿಡಿದು ಎಷ್ಟು ತಿಂಗಳಾಯ್ತು ಗೊತ್ತಾ? ಪಕ್ಕದಲ್ಲಿ ಕೂತ್ರೆ ಕೈ ಶಾಲೊಳಗೆ ಹಾಕ್ಕೊಳ್ತಿದ್ರಿ. ನನ್ನ ಮೇಲೆ ಏನೋ ಕೋಪ ಬಂದಿದೆ, ಹೇಳ್ತಿಲ್ಲ ಅಂದ್ಕೊಂಡಿದ್ದೆ ನಾನು" ಎಂದಳು. ಅಷ್ಟು ಹೇಳುವಷ್ಟರಲ್ಲಿ ಅವಳಿಗೆ ಅಳು ಬಂತು.

ಎಷ್ಟೋ ಸಾವಿರ ಕೈ ಹಿಡಿದ ದೊಡ್ಡ ಸಿಸ್ಟರ್ ಮನೆಯಲ್ಲೇ ಇದ್ದ ಒಂದು ಕೈಯನ್ನು ಬಿಟ್ಟುಬಿಟ್ಟಿದ್ದರು. ಅವರಿಗೆ ನಾಚಿಕೆಯಾಯಿತು, ದುಃಖವೂ ಆಯಿತು. ಅದನ್ನು ಅವರು ಮುಖದ ಮೇಲೆ ಬರದ ಹಾಗೆ ತಡೆಯಲಿಲ್ಲ.

"ನಿನ್ನ ಮೇಲೆ ಕೋಪ ಯಾಕೆ ಬರತ್ತೆ ಕಂದ? ಹೆದರಿಕೆ ಆಗಿತ್ತು. ಗೊತ್ತಾದ್ರೆ ನೀನು ಕ್ಲಾಸು ಬಿಡಿಸ್ತೀಯ, ಕ್ಲಾಸಿಲ್ಲದೆ ನಾನು ಏನು ಮಾಡ್ಲಿ? ಬರೀ ಒಬ್ಬಳು ಮುದುಕಿಯಾಗಿ ಮನೇಲಿ ಕೂತಿರಬೇಕಾಗತ್ತೆ ಅಂತ ಭಯ" ಎಂದರು.

ಸೊಸೆ ಬಂದು ಮಂಚದ ಅಂಚಿನಲ್ಲಿ ಕೂತಳು. ಕರಾರು ಕರಾರೇ ಎಂದು ಅವಳ ಬಾಯಿಂದ ಬರುವುದರಲ್ಲಿತ್ತು. ಆದರೆ ಕಿಟಕಿಯ ಹತ್ತಿರದಿಂದ ಗಡಿಬಿಡಿ ನಡುವೆ ಬಾಯಿ ಹಾಕಿದಳು. ಮೊದಲು ಅವಳು ಗುರುವಿಗೇ ಚೆನ್ನಾಗಿ ಬಿಸಿ ಮುಟ್ಟಿಸಿದಳು. ಬೇರೆ ರೋಗಿ ಹೀಗೆ ಬಚ್ಚಿಟ್ಟಿದ್ದರೆ ನೀವು ಏನು ಹೇಳುತ್ತಿದ್ದಿರಿ ಎಂದು ಕೇಳಿ, ಉತ್ತರವನ್ನೂ ಅವರದೇ ಧಾಟಿಯಲ್ಲಿ ಹೇಳಿ ತೋರಿಸಿದಳು. ಸೊಸೆಗೆ ಅಳುವಿನ ನಡುವೆ ನಗು ಬಂತು. ಆಮೇಲೆ ಗಡಿಬಿಡಿ ಸೊಸೆಯ ಕಡೆ ತಿರುಗಿ ತನ್ನ ಕಷ್ಟ ಹೇಳಿಕೊಂಡಳು. ಶಾಲೆಯ ಹುಡುಗಿಯರಿಗೆ ಅಭ್ಯಾಸಕ್ಕೆ ಸಿಗುವುದು ಅವರವರ ಕೈಯೇ. ಎಲ್ಲ ಎಳೆಯ ಹುಡುಗಿಯರು, ಎಲ್ಲರ ನಾಡಿಯೂ ಗಡಿಯಾರದ ಹಾಗೆ. ತಪ್ಪಿದ ನಾಡಿ ಹೇಗಿರುತ್ತದೆ ಎನ್ನುವುದು ಅವರಿಗೆ ಪುಸ್ತಕದಲ್ಲಿ ಬಿಟ್ಟರೆ ಗೊತ್ತಿಲ್ಲ. ವಾರ್ಡಿನಲ್ಲಿ ಮೊದಲ ಸಲ ಕೈಗೆ ಸಿಕ್ಕಾಗ ತಮ್ಮ ಎಣಿಕೆಯೇ ತಪ್ಪಿತೆಂದು ಹೆದರಿ ಸುಮ್ಮನಾಗಿಬಿಡುತ್ತಾರೆ.

"ಇಂಥ ನಾಡಿ, ಇಷ್ಟು ತಾಳ್ಮೆಯಿಂದ ಕೈ ಕೊಟ್ಟು ಕೂರೋ ರೋಗಿ, ಜೊತೆಗೆ ತಪ್ಪಿದ್ರೆ ತಿದ್ದೋ ಟೀಚರ್. ಮೂರೂ ಒಂದೇ ಕಡೆ ಇನ್ನೆಲ್ಲಿ ಸಿಗತ್ತೆ ನಂಗೆ?" ಎಂದಳು ಗಡಿಬಿಡಿ. "ಮಾತ್ರೆ ತಗೊಂಡು, ಡಾಕ್ಟ್ರು ಸರಿ ಅಂದ ಮೇಲೆ ಕಳಿಸಿಕೊಡಿ. ನಿಂತು ಪಾಠ ಮಾಡೋದು ಬೇಡ. ರೋಗಿಯ ಕುರ್ಚಿಲಿ ಕೂತು ಮಾಡ್ಲಿ."

ಸೊಸೆ ಮಂಚದ ಹೊದಿಕೆಯ ಸುಕ್ಕುಗಳನ್ನು ಒಂದೊಂದಾಗಿ ಸರಿಮಾಡಿದಳು. ದೊಡ್ಡ ಸಿಸ್ಟರ್ ಪರೀಕ್ಷೆಯ ಫಲಿತಾಂಶ ಕಾಯುವ ಹುಡುಗಿಯಂತೆ ಅವಳ ಬಾಯಿಯನ್ನೇ ನೋಡಿದರು. ಕಡೆಗೆ ಸೊಸೆ ಕಣ್ಣೊರೆಸಿಕೊಂಡು ಹೊಸ ಕರಾರು ಹಾಕಿದಳು. ಮಾತ್ರೆಯನ್ನು ದಿನಾ ತನ್ನ ಎದುರಿಗೇ ನುಂಗಬೇಕು, ಸೋಮವಾರ ಕರೆದುಕೊಂಡು ಹೋಗುವುದೂ ಬರುವುದೂ ತನ್ನದೇ ಕೆಲಸ, ಇನ್ನು ಮೇಲೆ ಮೈಗೆ ಏನೇ ಆದರೂ ಮೊದಲು ತನಗೆ ಹೇಳಬೇಕು. ದೊಡ್ಡ ಸಿಸ್ಟರ್ ಇನ್ನೂ ಹತ್ತು ಕರಾರು ಹಾಕಿದ್ದರೂ ಒಪ್ಪುತ್ತಿದ್ದರು. ಅವರಿಗೆ ಕುಣಿಯಬೇಕೆನ್ನಿಸಿತು, ಆದರೆ ಎದೆಯ ತಂತಿಗಳು ಇನ್ನೂ ಬಿಚ್ಚಿರಲಿಲ್ಲ.

ಅಂದು ಸಂಜೆ ಸಭೆಯಲ್ಲಿ ಉಳಿದಿದ್ದ ಕೇಕನ್ನು ಆಸ್ಪತ್ರೆಯ ವರಾಂಡದಲ್ಲೇ ಹಂಚಿದರು. ಮೂರೂ ಆಂಬ್ಯುಲೆನ್ಸಿನ ಚಾಲಕರಿಗೆ ದೊಡ್ಡ ತುಂಡು ಸಿಕ್ಕಿತು. ಮೊದಲ ತಂಡದ ಅಜ್ಜಿ, ಮೊದಲು ಕಂಡುಹಿಡಿದವಳು ತಾನೇ ಎಂದು ಎಲ್ಲರಿಗೂ ಹೇಳಿಕೊಂಡು ಓಡಾಡಿದಳು. ಅದರ ಬಗ್ಗೆ ಇನ್ನೂ ನಾಲ್ವರಿಗೆ ತಕರಾರಿತ್ತು.

ಕೆಲವು ವಾರಗಳ ನಂತರದ ಒಂದು ಸೋಮವಾರ, ಹೊಸ ಕಟ್ಟಡದ ಮೊದಲ ಕೋಣೆ. ಗೋಡೆಗೆ ಇನ್ನೂ ಸುಣ್ಣದ ವಾಸನೆ. ಹುಡುಗಿಯರು ಸಾಲಾಗಿ ನಿಂತಿದ್ದರು, ಸೊಸೆ ಹಿಂದಿನ ಬೆಂಚಿನಲ್ಲಿ ಕೂತು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡುತ್ತಿದ್ದಳು. ದೊಡ್ಡ ಸಿಸ್ಟರ್ ಮುಂದಿನ ಕುರ್ಚಿಯಲ್ಲಿ ಕೂತು ಸ್ವೆಟರಿನ ತೋಳನ್ನು ಮೊಣಕೈವರೆಗೆ ಮಡಚಿ ಕೈಯನ್ನು ಮೇಜಿನ ಮೇಲೆ ಇಟ್ಟರು. ಮಾತ್ರೆಯಿಂದ ಕುಣಿತ ನಿಧಾನವಾಗಿತ್ತು, ತಾಳ ಮಾತ್ರ ಪೂರ್ತಿ ಬಂದಿರಲಿಲ್ಲ. ಹುಡುಗಿಯರು ಒಬ್ಬೊಬ್ಬರಾಗಿ ಬಂದರು. ಒಬ್ಬಳು ಮಳೆಯ ಬಗ್ಗೆ ಮಾತಾಡಿದಳು, ಹೊರಗೆ ರಣಬಿಸಿಲಿತ್ತು. ಇನ್ನೊಬ್ಬಳು ಮಕ್ಕಳು ಎಷ್ಟು ಎಂದು ಕೇಳಿದಳು. ಈ ಊರು ತುಂಬ ಇದ್ದಾರೆ ಎಂದು ದೊಡ್ಡ ಸಿಸ್ಟರ್ ಹೇಳಿದರು.

ಕೊನೆಗೆ ಬಂದವಳು ಬಾಯಿಯೇ ಇಲ್ಲದ ಒಬ್ಬ ಹುಡುಗಿ, ಆ ವಾರವಷ್ಟೇ ಸೇರಿದವಳು. ಕೈ ಹಿಡಿದಳು. ಮಾತು ಆಡಬೇಕೆನ್ನುವುದು ಮರೆತೇಹೋಗಿ ಗಡಿಯಾರವನ್ನೂ ಕೈಯನ್ನೂ ಬದಲಿಸಿ ಬದಲಿಸಿ ನೋಡಿದಳು. ಮುಖ ಕೆಂಪಾಯಿತು. ಉಳಿದ ಹುಡುಗಿಯರು ಕಿಸಕ್ಕೆಂದರು, ದೊಡ್ಡ ಸಿಸ್ಟರ್ ಕಣ್ಣು ಬಿಟ್ಟ ಕೂಡಲೇ ಸುಮ್ಮನಾದರು. ಹುಡುಗಿ ಕೈ ಬಿಟ್ಟು, ತಲೆ ತಗ್ಗಿಸಿ, ಸಣ್ಣ ದನಿಯಲ್ಲಿ ಕೇಳಿದಳು.

"ಸರಿಯಾಗಿ ಸಿಗಲಿಲ್ಲ ಸಿಸ್ಟರ್. ಇನ್ನೊಂದ್ಸಲ ನೋಡ್ಲಾ?"

"ಎಷ್ಟು ಸಲ ಬೇಕಾದ್ರೂ ನೋಡು ಮಗಳೇ" ಎಂದು ದೊಡ್ಡ ಸಿಸ್ಟರ್ ಮತ್ತೆ ಕೈ ಚಾಚಿದರು.